ಕೆಮ್ಮಿನ ಚಿಕಿತ್ಸೆಯನ್ನು ಅಳೆಯುವ ಬಗೆ

ಅಕ್ಕಿಗೆ ತಕ್ಕಡಿ ಉಂಟು, ಬಟ್ಟೆಗೆ ಅಳತೆಪಟ್ಟಿ ಉಂಟು. ವೈದ್ಯರು ಕೊಡುವ ಚಿಕಿತ್ಸೆಗೆ ಅಳತೆ ಯಾವುದು? ಸನತ್‌ನಗರದ ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಾವು ಬಳಸುವ ಅಳತೆ ಸಾಮಾನ್ಯವಾಗಿ ಒಂದೇ: ಬೇಗ ಗುಣವಾಯಿತೇ, ಇಲ್ಲವೇ? ಸೂಜಿ ಚುಚ್ಚಿ, ಮೂರು ಬಣ್ಣದ ಗುಳಿಗೆ ಕೊಟ್ಟವರು ಒಳ್ಳೆಯ ಡಾಕ್ಟರು. ಬಿಸಿನೀರು ಕುಡಿದು ವಿಶ್ರಾಂತಿ ಪಡೆಯಿರಿ ಎಂದವರು ಏನೂ ತಿಳಿಯದವರು. ಒಂದು ದಿನ ಕೆಲಸ ತಪ್ಪಿದರೆ ಕೂಲಿಯೂ ತಪ್ಪುವವರಿಗೆ ಈ ಆತುರ ಸಹಜವೇ. ಆದರೆ ಕೆಮ್ಮು ನೆಗಡಿಗಳ ವಿಷಯದಲ್ಲಿ ಈ ಅಳತೆಯನ್ನು ನಂಬಿದರೆ ಮೋಸಹೋಗುತ್ತೇವೆ.

ಹೇಗೆಂದರೆ, ನೆಗಡಿ, ಗಂಟಲುನೋವು, ಶ್ವಾಸನಾಳದ ಉರಿಯೂತ ಇವುಗಳಲ್ಲಿ ಹೆಚ್ಚಿನವು ವೈರಸ್‌ಗಳಿಂದ ಬರುತ್ತವೆ, ಔಷಧಿಯಿಲ್ಲದೆಯೂ ವಾಸಿಯಾಗುತ್ತವೆ. ನೆಗಡಿ ಸುಮಾರು ಒಂದು ವಾರದಿಂದ ಹತ್ತು ದಿನ ಇರುತ್ತದೆ. ಶ್ವಾಸನಾಳದ ಉರಿಯೂತದ ಕೆಮ್ಮು ಎರಡು ಮೂರು ವಾರ ಎಳೆಯುವುದುಂಟು. ಆಂಟಿಬಯಾಟಿಕ್ ಔಷಧಿಯು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಯೇ ಹೊರತು ವೈರಸ್‌ಗಳನ್ನಲ್ಲ. ಐದನೆಯ ದಿನ ಅದನ್ನು ನುಂಗಿದವನಿಗೆ ಎಂಟನೆಯ ದಿನ ನೆಗಡಿ ಬಿಟ್ಟರೆ, ಗುಳಿಗೆಯಿಂದಲೇ ಗುಣವಾಯಿತೆಂದು ತಿಳಿಯುತ್ತಾನೆ. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಯಿತೆಂದ ಅಜ್ಜಿಯ ಲೆಕ್ಕವೂ ಇಂಥದೇ. ಬೇಡದಿದ್ದಾಗ ನುಂಗಿದ ಔಷಧಿಯಿಂದ ಹಣ ವ್ಯರ್ಥವಾಗುವುದಲ್ಲದೆ, ಬ್ಯಾಕ್ಟೀರಿಯಾಗಳು ಅದಕ್ಕೆ ಬಗ್ಗದಷ್ಟು ಬಲಿಯುತ್ತವೆ. ನಿಜವಾಗಿ ಬೇಕಾದ ದಿನ ಅದು ಕೈಕೊಡಬಹುದು.

ತಪ್ಪು ಅಳತೆ ಏನನ್ನು ಮುಚ್ಚಿಡುತ್ತದೆ ಎಂಬುದಕ್ಕೆ ಕನ್ನಡನಾಡಿನದೇ ನಿದರ್ಶನವಿದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಕ್ಷಯರೋಗಿಗಳ ಬಗ್ಗೆ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಗರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬ ನಂಬಿಕೆಯನ್ನು ಅದು ಅಲುಗಿಸಿತು. ಬಹುತೇಕ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಅದಾಗಲೇ ಚಿಕಿತ್ಸಾಲಯಗಳಿಗೆ ಹೋಗಿಯೂ ಇದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ದೊರೆತದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಎಷ್ಟು ಸೀಸೆ ಹಂಚಲಾಯಿತೆಂದು ಎಣಿಸಿದ್ದರೆ ಚಿಕಿತ್ಸಾಲಯಗಳು ಚೆನ್ನಾಗಿ ನಡೆಯುತ್ತಿವೆಯೆಂದೇ ತೋರುತ್ತಿತ್ತು. ಬಹುಕಾಲ ಕೆಮ್ಮಿದವನ ಕ್ಷಯವನ್ನು ಗುರುತಿಸಿದರೇ ಎಂದು ಕೇಳಿದಾಗ ಮಾತ್ರ ಕೊರತೆ ಹೊರಬಿತ್ತು.

ಹಾಗಾದರೆ ಸರಿಯಾದ ಅಳತೆ ಯಾವುದು? ಅವೇದಿಸ್ ಡೊನಾಬೇಡಿಯನ್ ಎಂಬ ವಿದ್ವಾಂಸರು 1966ರಲ್ಲಿ ಚಿಕಿತ್ಸೆಯ ಗುಣವನ್ನು ಮೂರು ಕಡೆಯಿಂದ ನೋಡಬೇಕೆಂದರು: ಸಾಧನ, ಕ್ರಮ, ಫಲ. ತಾನಾಗಿ ವಾಸಿಯಾಗುವ ರೋಗದಲ್ಲಿ ಫಲವೊಂದನ್ನೇ ನೋಡಿ ಪ್ರಯೋಜನ ಸಾಲದು, ಕ್ರಮವನ್ನು ನೋಡಬೇಕು. ಡೆನ್ಮಾರ್ಕಿನ ಓಡೆನ್ಸೆ ನಗರದಲ್ಲಿ ಬೆಳೆದ ಪದ್ಧತಿಯೊಂದರಲ್ಲಿ, ಸಾಮಾನ್ಯ ವೈದ್ಯರು ಪ್ರತಿ ರೋಗಿಯ ಲಕ್ಷಣ, ಪರೀಕ್ಷೆ, ರೋಗದ ಹೆಸರು, ಔಷಧಿ ಇವನ್ನು ಒಂದು ಹಾಳೆಯಲ್ಲಿ ಗುರುತು ಹಾಕಿ, ಆಮೇಲೆ ತಮ್ಮ ತಮ್ಮ ಲೆಕ್ಕವನ್ನು ಇತರರದರೊಡನೆ ಹೋಲಿಸುತ್ತಾರೆ. ಯುರೋಪಿನ ತಜ್ಞರು 2011ರಲ್ಲಿ ಪ್ರಕಟಿಸಿದ ಸೂಚಿಗಳ ಪ್ರಕಾರ, ಶ್ವಾಸನಾಳದ ಉರಿಯೂತದ 100 ವಯಸ್ಕರಲ್ಲಿ ಆಂಟಿಬಯಾಟಿಕ್ ಪಡೆದವರು 30 ಮೀರಬಾರದು. ನೆಗಡಿಯಂಥ ಸೋಂಕಿನಲ್ಲಿ 20 ಮೀರಬಾರದು. ಆದರೆ ನ್ಯುಮೋನಿಯಾದಲ್ಲಿ 90ಕ್ಕಿಂತ ಕಡಿಮೆ ಇರಬಾರದು. ಬೇಡದವನಿಗೆ ಕೊಡುವುದೂ ಕೊರತೆಯೇ, ಬೇಕಾದವನಿಗೆ ಕೊಡದಿರುವುದೂ ಕೊರತೆಯೇ.

ಅಂಥ ಹಾಳೆ ನಮ್ಮ ಕೈಯಲ್ಲಿಲ್ಲ. ಆದರೂ ದವಾಖಾನೆಯಲ್ಲಿ ನಾವು ಗಮನಿಸಬಹುದಾದ ಐದು ಸಂಗತಿಗಳುಂಟು.

1. ಕೆಮ್ಮು ಎಷ್ಟು ದಿನದ್ದೆಂದು ಕೇಳಿದರೇ? ಎರಡು ವಾರ ದಾಟಿದ್ದರೆ ಕಫ ಪರೀಕ್ಷೆ ಆಗಬೇಕು. ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರೆ ತಡಮಾಡಲೇಬಾರದು.

2. ಮಗುವಿನ ಉಸಿರನ್ನು ಎಣಿಸಿದರೇ? ನಿಮಿಷಕ್ಕೆ ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಅಥವಾ ಅದಕ್ಕೂ ಹೆಚ್ಚು ಉಸಿರಾಟವಿದ್ದರೆ ಕೂಡಲೇ ಚಿಕಿತ್ಸೆ ಬೇಕು. ಇದಕ್ಕೆ ಬೇಕಾದದ್ದು ಗಡಿಯಾರ ಮಾತ್ರ, ತಾಯಂದಿರೂ ಎಣಿಸಬಲ್ಲರು.

3. ಗಂಟಲು ನೋಡಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿದರೇ?

4. ಆಂಟಿಬಯಾಟಿಕ್ ಬರೆದಿದ್ದರೆ ಕಾರಣ ಬರೆದಿದೆಯೇ? ಹೀಗೆ ಕಾರಣ ನಮೂದಿಸಬೇಕೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2024ರ ಜನವರಿಯಲ್ಲಿ ವೈದ್ಯರನ್ನು ಕೋರಿದ್ದಾರೆ.

5. ಯಾವ ಲಕ್ಷಣ ಕಂಡರೆ ಮರಳಿ ಬರಬೇಕೆಂದು ಹೇಳಿದರೇ?

ಇವುಗಳನ್ನು ಹಿಡಿದು ಡಾಕ್ಟರೊಡನೆ ಜಗಳಕ್ಕೆ ನಿಲ್ಲಬೇಕೆಂದಲ್ಲ. "ಡಾಕ್ಟರೇ, ಈ ಗುಳಿಗೆ ಯಾತಕ್ಕೆ?" ಎಂದು ವಿನಯದಿಂದ ಕೇಳುವ ಹಕ್ಕು ನಮಗಿದೆ. ಹಾಗೆಯೇ ಸೂಜಿ ಹಾಕಿರೆಂದು ನಾವಾಗಿ ಒತ್ತಾಯಿಸುವುದನ್ನೂ, ಹಳೆಯ ಚೀಟಿ ತೋರಿಸಿ ಅಂಗಡಿಯಲ್ಲಿ ಗುಳಿಗೆ ಕೊಳ್ಳುವುದನ್ನೂ ಬಿಡಬೇಕು. ಶುರುಮಾಡಿದ ಔಷಧಿಯನ್ನು, ಅದರಲ್ಲಿಯೂ ಕ್ಷಯದ ಔಷಧಿಯನ್ನು, ಡಾಕ್ಟರನ್ನು ಕೇಳದೆ ನಡುವೆ ನಿಲ್ಲಿಸಲೂಬಾರದು. ತೆಲುಗು, ಹಿಂದಿ ಚೆನ್ನಾಗಿ ಬಾರದವರು ಕೆಮ್ಮು ಆರಂಭವಾದ ತಾರೀಕನ್ನು ಅಂಕಿಯಲ್ಲಿ ಬರೆದು ಒಯ್ದರೆ ಬಹಳ ಅನುಕೂಲ.

ಸಾಧನದ ಮಟ್ಟಿಗೆ ನಾವು ಬಡವರಲ್ಲ. ಸನತ್‌ನಗರದಲ್ಲಿಯೇ ಇ.ಎಸ್.ಐ. ಆಸ್ಪತ್ರೆ ಇದೆ; ಪಕ್ಕದ ಎರ್ರಗಡ್ಡದಲ್ಲಿ ಸರ್ಕಾರಿ ಎದೆರೋಗ ಆಸ್ಪತ್ರೆ ಇದೆ. ಸರ್ಕಾರಿ ಕ್ಷಯ ಕಾರ್ಯಕ್ರಮದಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ವಂತಿಗೆಯ ನಿಯಮ ಪೂರೈಸಿದ ಇ.ಎಸ್.ಐ. ಸದಸ್ಯರಿಗೆ, ಡಾಕ್ಟರ ಸರ್ಟಿಫಿಕೇಟಿನ ಮೇಲೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70 ಪಾಲು ಕಾಯಿಲೆ ಭತ್ಯವೂ ಉಂಟು. ಕೂಲಿಯ ಭಯಕ್ಕೆ ಕೆಮ್ಮನ್ನು ಮುಚ್ಚಿಟ್ಟು ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ನಮ್ಮ ಸೋದರರಿಗೆ ಈ ಮಾತನ್ನು ಓದಿದವರು ಓದಲಾರದವರಿಗೆ ತಿಳಿಸಬೇಕಾಗಿ ಕೋರುತ್ತೇವೆ.