ಆನ್‌ಲೈನ್ ಸೆಂಟರ್ ತೆರೆದ ತಮ್ಮನಿಗೆ

ತಮ್ಮಾ, ನಿನ್ನ ಅಂಗಡಿಯ ಬೋರ್ಡು ನೋಡಿದೆ. ಝೆರಾಕ್ಸ್, ಪಹಣಿ, ಪ್ಯಾನ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರ, ಬೆಳೆ ವಿಮೆ, ಹೆಬ್ಬಟ್ಟಿನ ಮೇಲೆ ರೊಕ್ಕ ತೆಗೆಯುವುದು, ಎಲ್ಲ ಬರೆಸಿದ್ದೀಯ. ಅದು ಮಾಡಿಕೊಡುವ ಕೆಲಸಗಳ ಪಟ್ಟಿ. ನಾನು ಹೇಳಹೊರಟಿರುವುದು ಮಾಡಬಾರದ ಕೆಲಸಗಳನ್ನು. ಟಪಾಲು ಇಲಾಖೆಯಲ್ಲಿ ದುಡಿದು, ಮಂದಿಯ ರೊಕ್ಕ ಮಂದಿಯ ಕೈಗೆ ಮುಟ್ಟಿಸಿ ನಿವೃತ್ತನಾದವನು ನಾನು. ಆ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ. ಬೇಸರವಾದರೂ ಕೇಳು.

ನಿನ್ನ ಕೌಂಟರಿಗೆ ಬರುವವರು ಹೇಗೆ ಬರುತ್ತಾರೆ, ಗಮನಿಸಿದ್ದೀಯಾ? ಶನಿವಾರ ಹನಮಪ್ಪನ ದರ್ಶನ ಮುಗಿಸಿ ನೆಟ್ಟಗೆ ನಿನ್ನಲ್ಲಿಗೆ ಬಂದು ಒಂದು ಪ್ಲಾಸ್ಟಿಕ್ ಚೀಲ ಬಿಚ್ಚುತ್ತಾರೆ. ಅದರೊಳಗೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ, ಗಂಡನ ಮರಣ ಪ್ರಮಾಣಪತ್ರ. "ಗೃಹಲಕ್ಷ್ಮಿ ರೊಕ್ಕ ಬಂದಾವೇನು ನೋಡಪಾ" ಎಂದು ಚೀಲವನ್ನೇ ನಿನ್ನ ಮುಂದೆ ಸುರಿಯುತ್ತಾರೆ. ಫೋನನ್ನೂ ಕೈಗೆ ಕೊಟ್ಟು, "ಅದೇನೋ ನಂಬರ್ ಬಂದೈತಂತ, ನೀನ ನೋಡ್ಕೋ" ಎನ್ನುತ್ತಾರೆ. ನನ್ನ ಮಾತಿನ ತಿರುಳು ಇಷ್ಟೇ: ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನೇ ಆ ಚೀಲದಿಂದ ತೆಗೆ. ಕೆಲಸ ಮುಗಿದ ಕೂಡಲೇ ಎಲ್ಲವನ್ನೂ ತಿರುಗಿ ಚೀಲಕ್ಕೆ ಹಾಕಿ ಕೊಡು. ನಿನ್ನ ಕಂಪ್ಯೂಟರಿನಲ್ಲಿ, ನಿನ್ನ ಫೋನಿನಲ್ಲಿ, ನಿನ್ನ ಬಾಯಲ್ಲಿ ಏನೂ ಉಳಿಯಬಾರದು.

ಮೊದಲು ಸಣ್ಣಪುಟ್ಟ ಕಿರಿಕಿರಿಗಳ ಮಾತು. ನಮ್ಮ ಬಾಗಲಕೋಟೆ ಭಾಗದಲ್ಲಿ ಓಣಿಗೊಬ್ಬ ಹನಮಪ್ಪ, ಊರಿಗೆ ಹತ್ತು ತುಳಸಿಗೆರಪ್ಪ. ಒಬ್ಬನೇ ಮನುಷ್ಯ ಪಹಣಿಯಲ್ಲಿ ಹನಮಪ್ಪ, ಆಧಾರಿನಲ್ಲಿ ಹಣಮಂತಪ್ಪ, ಪಾಸ್‌ಬುಕ್ಕಿನಲ್ಲಿ ಹನುಮಂತ. ಅವನೇನೂ ಮೂರು ಹೆಸರಿಟ್ಟುಕೊಂಡು ಸರ್ಕಾರಕ್ಕೆ ಟೋಪಿ ಹಾಕಲು ಹೊರಟವನಲ್ಲ. ಮೂರು ಕಚೇರಿಯ ಮೂವರು ಆಪರೇಟರುಗಳು ಕಿವಿಗೆ ಬಿದ್ದಂತೆ ಟೈಪು ಮಾಡಿದ್ದಾರೆ, ಬೈಸಿಕೊಳ್ಳುವವನು ಮಾತ್ರ ಅವನು. ಇನ್ನು ಇಳಕಲ್ಲಿನ ನೇಕಾರರು, ಕಲ್ಲಿನ ಕ್ವಾರಿಯಲ್ಲಿ ದುಡಿದವರು, ಕಬ್ಬು ಕಡಿಯುವವರು. ಅವರ ಬೆರಳಿನ ಗೆರೆಗಳನ್ನು ಕೆಲಸವೇ ಸವೆಸಿಬಿಟ್ಟಿದೆ. ಮಷಿನ್ನು "ಬಟ್ಟು ಹತ್ತವಲ್ದು" ಎಂದರೆ ಅದು ದುಡಿದ ಕೈ ಎಂದು ತಿಳಿ. ಮತ್ತೆ ಕೆಲವರ ಆಧಾರಿಗೆ ಜೋಡಿಸಿದ ನಂಬರು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಮಗನ ಹತ್ತಿರ ಇರುತ್ತದೆ. ಅವ್ವ ಇಲ್ಲಿ ನಿನ್ನ ಮುಂದೆ ನಿಂತಿರುತ್ತಾಳೆ, ಓಟಿಪಿ ಅಲ್ಲಿ ಸಿಮೆಂಟ್ ಕಲಸುವವನ ಜೇಬಿಗೆ ಬರುತ್ತದೆ.

ಇದ್ಯಾವುದೂ ನಿನ್ನ ತಪ್ಪಲ್ಲ, ಅವರದೂ ಅಲ್ಲ. ಆದರೆ "ಸರ್ವರ್ ಇಲ್ಲ, ನಾಳೆ ಬರ್ರಿ" ಎಂಬ ಮಾತನ್ನು ಸುಮ್ಮನೆ ಎಸೆಯಬೇಡ. ಆಕೆಗೆ ಅದು ಒಂದು ದಿನದ ಕೂಲಿ. ಏನು ತಪ್ಪಾಗಿದೆ, ಯಾವ ಕಚೇರಿಗೆ ಹೋಗಬೇಕು, ಯಾವ ಕಾಗದ ಒಯ್ಯಬೇಕು ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಡು. ಗೃಹಲಕ್ಷ್ಮಿ ಯೋಜನೆಯನ್ನೇ ನೋಡು: 2023ರ ಆಗಸ್ಟ್ 30ರಂದು ಶುರುವಾಯಿತು, ತಿಂಗಳಿಗೆ 2,000 ರೂಪಾಯಿ. "ಬಂದಿಲ್ಲ" ಎಂದು ಕೆಲವರು ಹುಡುಕುವ ಹಣ, ಆಧಾರ್ ಜೋಡಣೆಯಾದ ಇನ್ಯಾವುದೋ ಹಳೆಯ ಖಾತೆಗೆ ಬಿದ್ದಿರುತ್ತದೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಆಧಾರಿನ ಜಾಲತಾಣದಲ್ಲೇ ನೋಡಬಹುದು. ನಿನಗೆ ಐದು ನಿಮಿಷದ ಕೆಲಸ, ಆಕೆಗೆ ಬಾಗಲಕೋಟೆಗೆ ಎರಡು ಸಲ ಓಡಾಡುವುದು ತಪ್ಪುತ್ತದೆ.

ಈಗ ಹೆಬ್ಬಟ್ಟಿನ ವಿಚಾರ. ಇದನ್ನು ಗಟ್ಟಿಯಾಗಿ ಹಿಡಿದುಕೋ. ಓದು ಬಾರದವರಿಗೆ ಮನಿಯಾರ್ಡರ್ ಕೊಡುವಾಗ ಹೆಬ್ಬಟ್ಟು ಒತ್ತಿಸಿ, ಪಕ್ಕದಲ್ಲಿ ಓದುಬಲ್ಲ ಸಾಕ್ಷಿಯೊಬ್ಬರ ಸಹಿ ಹಾಕಿಸುವುದು ನಮ್ಮ ಕಾಲದ ಪದ್ಧತಿಯಾಗಿತ್ತು. ನಿನ್ನ ಮೇಜಿನ ಮೇಲಿನ ಪುಟ್ಟ ಮಷಿನ್ನಿಗೆ ಸಾಕ್ಷಿ ಬೇಡ, ಓಟಿಪಿ ಬೇಡ, ಪಿನ್ ಬೇಡ, ಎಟಿಎಂ ಕಾರ್ಡ್ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಒಂದು ಬೆರಳು ಇಷ್ಟಿದ್ದರೆ ಖಾತೆಯಿಂದ ಸಾಮಾನ್ಯವಾಗಿ ಒಮ್ಮೆಗೆ 10,000 ರೂಪಾಯಿವರೆಗೆ ಹೊರಗೆ ಬರುತ್ತದೆ. ಬ್ಯಾಂಕ್ ಶಾಖೆ ದೂರವಿರುವ ಹಳ್ಳಿಯ ಮುದುಕರಿಗೆ ಇದು ದೊಡ್ಡ ಅನುಕೂಲ, ಅಲ್ಲಗಳೆಯುವುದಿಲ್ಲ. ಅದೇ ಸಲೀಸು ಕಳ್ಳರಿಗೂ ಸಿಕ್ಕಿತು. 2023ರಲ್ಲಿ ಬೆಂಗಳೂರು, ಮಂಗಳೂರಿನಲ್ಲಿ ಮನೆ-ಸೈಟು ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಮಾಯವಾಗತೊಡಗಿತು. ಯಾರೂ ಓಟಿಪಿ ಹೇಳಿರಲಿಲ್ಲ, ಯಾವ ಲಿಂಕೂ ಒತ್ತಿರಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತಿದ್ದ ಕ್ರಯಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬಟ್ಟಿನ ಗುರುತೂ ಇತ್ತು. ಅದನ್ನೇ ನಕಲು ಮಾಡಿ ದುಡ್ಡು ಎತ್ತಿದ್ದರೆಂಬುದು ತನಿಖೆಯಲ್ಲಿ ಕಂಡುಬಂತು. ಆಮೇಲೆ ಇಲಾಖೆ ಆ ಗುರುತುಗಳನ್ನು ಮರೆಮಾಚುವ ಕ್ರಮಕ್ಕೆ ಮುಂದಾಯಿತು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು ತಮ್ಮಾ, ಬೆರಳನ್ನು ಬದಲಿಸಲು ಬರುವುದಿಲ್ಲ.

ಆದ್ದರಿಂದ ನಾಲ್ಕು ಕಟ್ಟುಪಾಡು. ಎಷ್ಟು ತೆಗೆಯುತ್ತಿದ್ದೀಯ ಎಂದು ಒತ್ತಿಸುವ ಮೊದಲೇ ಗಟ್ಟಿಯಾಗಿ ಹೇಳು. ರಸೀದಿ ಕೇಳದಿದ್ದರೂ ಕೊಡು, ಉಳಿದ ಬಾಕಿ ಎಷ್ಟು ಎಂದು ಓದಿ ಹೇಳು. "ಹತ್ತಲಿಲ್ಲ, ಇನ್ನೊಮ್ಮೆ ಒತ್ತು" ಎನ್ನುವ ಮೊದಲು ಸ್ಕ್ರೀನನ್ನು ಅವರ ಕಡೆ ತಿರುಗಿಸಿ, ಮೊದಲಿನದು ಫೇಲಾದದ್ದನ್ನು ತೋರಿಸು. ಎರಡು ಸಲ ಒತ್ತಿಸಿ ಒಂದು ಸಲದ ಹಣ ಕೊಡುವವರು ಇದ್ದಾರೆಂಬುದು ನಿನಗೂ ಗೊತ್ತು, ನನಗೂ ಗೊತ್ತು. ಕೊನೆಯದಾಗಿ, ಹೆಬ್ಬಟ್ಟಿನಿಂದ ಹಣ ತೆಗೆಯದವರಿಗೆ ಬಯೋಮೆಟ್ರಿಕ್ ಲಾಕ್ ಮಾಡಿಕೊಡು. ಆಧಾರಿನ ಆ್ಯಪಿನಲ್ಲಿ ಆಗುತ್ತದೆ. ರೇಷನ್ನಿಗೆ ಬಟ್ಟು ಒತ್ತುವ ದಿನ ತೆಗೆದು, ಕೆಲಸವಾದ ಮೇಲೆ ಮತ್ತೆ ಹಾಕಿಕೊಳ್ಳಬಹುದು ಎಂಬುದನ್ನೂ ಹೇಳು. ಹೇಳದಿದ್ದರೆ ರೇಷನ್ ಅಂಗಡಿಯಲ್ಲಿ ನಿಂತು ನಿನಗೆ ಶಾಪ ಹಾಕುತ್ತಾರೆ.

ನಿನ್ನ ಫೋನಿನ ಕಡೆಗೂ ನೋಡು. ಮಂದಿ ವಾಟ್ಸಾಪಿನಲ್ಲಿ ಕಳಿಸಿದ ಆಧಾರ್ ಫೋಟೋಗಳು, ಸ್ಕ್ಯಾನ್ ಮಾಡಿದ ಪಾಸ್‌ಬುಕ್ಕುಗಳು ಇನ್ನೂ ಹಾಗೇ ಕೂತಿವೆ. "ಮತ್ತೆ ಬೇಕಾದರೆ ಇರಲಿ" ಎನ್ನುತ್ತೀಯ. ಬೇಡ. ಅವತ್ತಿನದನ್ನು ಅವತ್ತೇ ಅಳಿಸು. ಕೆಟ್ಟ ಝೆರಾಕ್ಸ್ ಪ್ರತಿಗಳನ್ನು ಮಿರ್ಚಿ ಭಜಿ ಕಟ್ಟುವ ಅಂಗಡಿಗೆ ತೂಕಕ್ಕೆ ಹಾಕಬೇಡ, ಹರಿದು ಹಾಕು. ಸುಮ್ಮನೆ ಗುರುತು ತೋರಿಸುವುದಕ್ಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತದೆ, ಅದನ್ನು ತೆಗೆದುಕೊಡು.

ಇದು ಮುದುಕನ ಚಿಂತೆ ಎಂದು ನಗಬೇಡ. ಕೋಲಾರದ ಕಡೆಯಿಂದ ಬಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತು ದಾಟಿತ್ತು. ಆಧಾರಿಗೆ ಕಾನೂನಿನ ಬುಡವೇ ಇಲ್ಲ ಎಂಬುದು ಅವರ ತಕರಾರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮರುವರ್ಷ ಇನ್ನೊಂದು ಪೀಠ ಸರ್ಕಾರದ ಸಬ್ಸಿಡಿ-ಯೋಜನೆಗಳಿಗೆ ಆಧಾರ್ ಕೇಳುವುದನ್ನು ಒಪ್ಪಿತು, ಖಾಸಗಿ ಕಂಪನಿಗಳು ಮನಬಂದಂತೆ ಕೇಳಲು ಇದ್ದ ದಾರಿಯನ್ನು ಮುಚ್ಚಿತು. 2024ರಲ್ಲಿ 98ನೆಯ ವಯಸ್ಸಿನಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ನಿನ್ನ ಮುಂದೆ ಚೀಲ ಸುರಿಯುವ ಅವ್ವನಿಗೂ ಆ ಹಕ್ಕು ಇದೆ. ಆಕೆಗೆ ಗೊತ್ತಿಲ್ಲದಿದ್ದರೆ ನಿನಗಾದರೂ ಗೊತ್ತಿರಲಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಬಂದವು, ಹಂತಹಂತವಾಗಿ ಜಾರಿಯಾಗುತ್ತಿದೆ. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಅದರ ಸಾರವೂ ನಾನು ಮೊದಲೇ ಹೇಳಿದ ಚೀಲದ ಮಾತೇ.

ಕಂಪನಿಗಳಿಗೆ ಈ ಮಾತು ಹಿಡಿಸುವುದಿಲ್ಲ. ಬಾಗಲಕೋಟೆಯ ದೊಡ್ಡ ಅಂಗಡಿಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡರೆ "ಮೊಬೈಲ್ ನಂಬರ್ ಹೇಳ್ರಿ, ಇಲ್ಲಾಂದ್ರ ಬಿಲ್ ಬರಂಗಿಲ್ಲ" ಎನ್ನುತ್ತಾರೆ. ಹಾಗೆ ಪಟ್ಟು ಹಿಡಿಯಬಾರದೆಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ಆನ್‌ಲೈನಿನಲ್ಲಿ ಕೇಳದ ವಸ್ತುವನ್ನು ಬಿಲ್ಲಿಗೆ ಸೇರಿಸುವುದು, ಸೇರುವುದು ಸುಲಭ ಮಾಡಿ ಬಿಡುವುದನ್ನು ಕಷ್ಟ ಮಾಡುವುದು ಮುಂತಾದ 13 ಬಗೆಯ ಕಣ್ಕಟ್ಟುಗಳನ್ನು ಅದೇ ವರ್ಷದ ನವೆಂಬರಿನಲ್ಲಿ ನಿಷೇಧಿಸಿದ್ದಾರೆ. ದೂರಿಗೆ 1915 ಇದೆ. ನೀನೂ ಯಾರ ಫೋನಿಗಾದರೂ ಆ್ಯಪ್ ಹಾಕಿಕೊಡುವಾಗ ಬಂದ ಬಂದ ಪ್ರಶ್ನೆಗೆಲ್ಲ "ಅಲೋ" ಒತ್ತುತ್ತಾ ಹೋಗಬೇಡ. ಸಾಲದ ಆ್ಯಪಿಗೆ ಫೋನಿನ ನಂಬರುಗಳ ಪಟ್ಟಿ ಯಾಕೆ? ಕಂತು ತಪ್ಪಿದ ದಿನ ಬೀಗರ ಮನೆಗೆ ಫೋನು ಮಾಡಿ ಮಾನ ಕಳೆಯುವುದಕ್ಕೆ.

ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸಿ ತಂದವರಿಗೂ ಓದಿ ಹೇಳು. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಬಹುತೇಕ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 20 ರೂಪಾಯಿಯಾದರೆ ಸುರಕ್ಷಾ ಅಪಘಾತ ವಿಮೆ. ನಮ್ಮ ಓಣಿಯ ಹೆಣ್ಣುಮಗಳೊಬ್ಬಳ ಗಂಡ ತೀರಿಕೊಂಡ ಮೇಲೆ ಆತನ ಪಾಸ್‌ಬುಕ್ಕು ನೋಡಿದೆ. ಆ 436 ರೂಪಾಯಿ ವರ್ಷ ತಪ್ಪದೆ ಕಡಿತವಾಗಿತ್ತು. ಜೀವನ ಜ್ಯೋತಿ ವಿಮೆಯಲ್ಲಿ ಮನೆಯವರಿಗೆ 2 ಲಕ್ಷ ಸಿಗುತ್ತದೆಂದು ಆ ಬ್ಯಾಂಕಿನಲ್ಲಿ ಯಾರೂ ಆಕೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಕಡಿತ ಮಾಡುವಾಗ ಇದ್ದ ಚುರುಕು ಕೊಡುವಾಗ ಇರುವುದಿಲ್ಲ. ಅಂಥ ಕಡೆ ನೀನು ನಾಲಿಗೆಯಾಗು. ಒಪ್ಪಿಗೆ ಕೊಡದೆ ಕಡಿತವಾಗುತ್ತಿದ್ದರೆ ನಿಲ್ಲಿಸಲು ಅರ್ಜಿ ಬರೆದುಕೊಡು. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ವಿಚಾರಿಸಲು 14448.

ಚುನಾವಣೆ ಬಂದಾಗ ಇನ್ನೊಂದು ಪರೀಕ್ಷೆ. ಯಾವುದಾದರೂ ಪಕ್ಷದ ಹುಡುಗ ಬೈಕ್ ನಿಲ್ಲಿಸಿ, "ಯೋಜನೆಯ ರೊಕ್ಕ ಯಾರ್ಯಾರಿಗೆ ಬರ್ತಾವ, ನಂಬರಿನ ಪಟ್ಟಿ ಕೊಡು, ಚಹಾಕ್ಕ ಏನರ ಕೊಡ್ತೀನಿ" ಎನ್ನುತ್ತಾನೆ. ಅವನು ನಿನ್ನ ಗೆಳೆಯನೂ ಆಗಿರಬಹುದು, ನಿನಗೆ ಬೇಕಾದ ಪಕ್ಷದವನೂ ಆಗಿರಬಹುದು. ಆಗಲೂ ಕೊಡಬೇಡ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಏನಾಯಿತು? ಮತದಾರರ ಜಾಗೃತಿಗೆಂದು ಬಿಬಿಎಂಪಿಯ ಅನುಮತಿ ಪಡೆದಿದ್ದ ಚಿಲುಮೆ ಎಂಬ ಸಂಸ್ಥೆಯ ಮಂದಿ ಮನೆಮನೆಗೆ ಹೋಗಿ ಮತದಾರರ ಖಾಸಗಿ ಮಾಹಿತಿ ಬರೆದುಕೊಂಡರೆಂಬ ಆರೋಪ ಬಂತು. ಪೊಲೀಸ್ ಕೇಸಾಯಿತು, ಬಂಧನಗಳಾದವು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ರಾಜಧಾನಿಯಲ್ಲೇ ಹೀಗಾದರೆ ನಮ್ಮೂರಿನ ಪಟ್ಟಿ ಕೈಬದಲಾಗಲು ಎಷ್ಟು ಹೊತ್ತು? ನೀನು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೂ ಕೊಡಬೇಕಾಗುತ್ತದೆ. ಆಮೇಲೆ ಅಂಗಡಿಗೆ ಕಾಲಿಡುವವರು ಅರ್ಧ ಊರು ಮಾತ್ರ.

ಇನ್ನು ಹೆದರಿಸುವ ಫೋನುಗಳು. ಪೊಲೀಸ್ ಡ್ರೆಸ್ಸಿನಲ್ಲಿ ವಿಡಿಯೋ ಕರೆ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎನ್ನುವವರ ಬಗ್ಗೆ ಪ್ರಧಾನಿ 2024ರ ಅಕ್ಟೋಬರಿನ ಮನ್ ಕಿ ಬಾತ್‌ನಲ್ಲಿ ಎಚ್ಚರಿಸಿದಾಗ ಕೇಳಿಸಿದ್ದು ನಮ್ಮ ಪಕ್ಕದ ವಿಜಯಪುರದವರೊಬ್ಬರಿಗೆ ಬಂದ ಕರೆಯನ್ನು. ಅಂಥದ್ದೊಂದು ಅರೆಸ್ಟು ಕಾನೂನಿನಲ್ಲೇ ಇಲ್ಲ. ನಮ್ಮ ಜಿಲ್ಲೆಗೆ ಇದು ಮುಂದೆ ಇನ್ನೂ ಹೆಚ್ಚು ಬೇಕಾದ ಪಾಠ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಮುಳುಗುವ ಜಮೀನಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದೆ. ಆ ಸುದ್ದಿ ಕಳ್ಳರೂ ಓದಿದ್ದಾರೆ. ಯಾರಾದರೂ ಮೋಸಹೋಗಿ ನಿನ್ನಲ್ಲಿಗೆ ಓಡಿಬಂದರೆ ಮೊದಲು ಬುದ್ಧಿ ಹೇಳಲು ಹೋಗಬೇಡ, 1930ಕ್ಕೆ ಫೋನು ಹಚ್ಚು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಆಮೇಲೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿಸಿ ಸ್ವೀಕೃತಿ ಪಡೆ. ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರು ಲಪಟಾಯಿಸಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕ ನಷ್ಟ ಹೊರಬೇಕಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ನಾವೇ ಓಟಿಪಿ ಹೇಳಿದ್ದರೆ ಮಾತ್ರ, ದೂರು ಕೊಡುವವರೆಗಿನ ನಷ್ಟ ನಮ್ಮ ತಲೆಗೆ.

ಇಷ್ಟೆಲ್ಲ ಮಾಡಿದರೆ ದುಡಿಮೆ ಹೇಗೆ ಎನ್ನುತ್ತೀಯ. ನಿನಗೂ ಕರೆಂಟ್ ಬಿಲ್ಲಿದೆ, ಬಾಡಿಗೆಯಿದೆ. ದರದ ಪಟ್ಟಿ ಗೋಡೆಗೆ ಹಚ್ಚು, ಅಷ್ಟನ್ನೇ ನಾಚಿಕೆಯಿಲ್ಲದೆ ತೆಗೆದುಕೋ. ನ್ಯಾಯವಾದ ಹತ್ತು ರೂಪಾಯಿ ಕೊಡಲು ನಮ್ಮ ಮಂದಿ ಹಿಂದೆ ಸರಿಯುವುದಿಲ್ಲ. ನವೆಂಬರಿನಲ್ಲಿ ಪಿಂಚಣಿಯ ಜೀವನ ಪ್ರಮಾಣಪತ್ರಕ್ಕೆ ನಾನೂ ನಿನ್ನಲ್ಲಿಗೇ ಬರುತ್ತೇನೆ. ಓಟಿಪಿಯನ್ನು ನಾನೇ ಒತ್ತುತ್ತೇನೆ, ರಸೀದಿ ಕೇಳುತ್ತೇನೆ, ನನ್ನ ಆಧಾರ್ ಫೋಟೋ ಅಳಿಸಿದ್ದನ್ನು ಕಣ್ಣಾರೆ ನೋಡಿಯೇ ಎದ್ದು ಹೋಗುತ್ತೇನೆ. ಈ ಮುದುಕನಿಗೆ ನನ್ನ ಮೇಲೆ ನಂಬಿಕೆಯಿಲ್ಲ ಎಂದುಕೊಳ್ಳಬೇಡ. ನನ್ನ ಹಿಂದೆ ಸರದಿಯಲ್ಲಿ ನಿಂತವರು ಅದನ್ನು ನೋಡಿ ಹಾಗೇ ಕೇಳುವುದನ್ನು ಕಲಿಯಲಿ. ಅವರು ಕೇಳಿದಾಗ ಮುಖ ಗಂಟಿಕ್ಕದೆ ತೋರಿಸು, ಅಷ್ಟು ಸಾಕು.