ತಂಪಾಗಿರುವ ತಂತಿ, ತಂಪಾಗಿದ್ದ ತಂತಿ: ಕೃದಂತದ ಒಂದು ಪಾಠ

ಕೃದಂತನಾಮಕ್ಕೆ ‘ಮಾಡುವ’, ‘ಮಾಡಿದ’, ‘ಮಾಡದ’ ಎಂಬ ಮೂರು ರೂಪಗಳನ್ನು ನೀವು ವ್ಯಾಕರಣದಲ್ಲಿ ಓದಿದ್ದೀರಿ. ಇವುಗಳ ಅಂತರವು ಪರೀಕ್ಷೆಯ ಅಂಕಗಳಿಗಷ್ಟೇ ಸೀಮಿತವಲ್ಲ ಎಂಬುದನ್ನು ತಿಳಿಯಲು, ಸಾಹಿತ್ಯಕ್ಕೆ ದೂರವೆನಿಸುವ ಒಂದು ಹೇಳಿಕೆಯನ್ನು ಪರಿಶೀಲಿಸೋಣ. ‘ಅತಿಶೈತ್ಯ ಸಂಸ್ಕಾರ ಹೊಂದಿದ ತಾಮ್ರದ ತಂತಿಯಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ನಾದ ನಿರ್ಮಲವಾಗುತ್ತದೆ’ ಎಂಬ ಅರ್ಥದ ಮಾತು ಬೆಲೆಬಾಳುವ ಧ್ವನಿ ಸಲಕರಣೆಗಳ ಮಾರಾಟದಲ್ಲಿ ಕೇಳಿಬರುತ್ತದೆ. ತಂತಿ, ಪ್ಲಗ್, ವಾಲ್ವ್‌ಗಳನ್ನು ದ್ರವ ಸಾರಜನಕದ ನೆರವಿನಿಂದ −196 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ನಿಧಾನವಾಗಿ ಇಳಿಸಿ, ಗಂಟೆಗಟ್ಟಲೆ ಹಾಗೆಯೇ ಇರಿಸಿ, ಮತ್ತೆ ಕೋಣೆಯ ಉಷ್ಣಾಂಶಕ್ಕೆ ತರುವುದೇ ಈ ಸಂಸ್ಕಾರ.

ಈ ಹೇಳಿಕೆಯ ಹಿಂದೆ ಎರಡು ಸತ್ಯಗಳಿವೆ. ಒಂದು: ಅಷ್ಟು ಶೀತದಲ್ಲಿ ಇರುವಾಗ ತಾಮ್ರದ ವಿದ್ಯುತ್ ರೋಧವು ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡು: ಹದಗೊಳಿಸಿದ ಹತ್ಯಾರದ ಉಕ್ಕಿನಲ್ಲಿ ಉಳಿದ ಆಸ್ಟೆನೈಟ್ ಎಂಬ ಮೃದು ರೂಪವು ಅತಿಶೀತದಲ್ಲಿ ಮಾರ್ಟೆನ್‌ಸೈಟ್ ಎಂಬ ಗಡಸು ರೂಪಕ್ಕೆ ತಿರುಗುತ್ತದೆ, ಉಕ್ಕು ಮತ್ತೆ ಬೆಚ್ಚಗಾದರೂ ಆ ಬದಲಾವಣೆ ಉಳಿಯುತ್ತದೆ. ಕೊಲ್ಹಾಪುರದ ಫೌಂಡ್ರಿ, ಲೇಥ್‌ಗಳ ನಡುವೆ ಬೆಳೆದ ನಮಗೆ ಲೋಹಕ್ಕೆ ಹದ ಕೊಡುವ ಮಾತು ಹೊಸದಲ್ಲ. ಆದರೆ ತಾಮ್ರಕ್ಕೆ ಅಂಥ ರೂಪಾಂತರವಿಲ್ಲ. ಅತಿಶೀತದಲ್ಲಿಯೂ ಅದರ ಸ್ಫಟಿಕ ರಚನೆ ಒಂದೇ. ತಂತಿಯನ್ನು ಎಳೆಯುವಾಗ ಒಳಗೆ ಉಂಟಾದ ದೋಷಗಳು ಕಳೆಯಬೇಕಾದರೆ ಅದನ್ನು ಕಾಯಿಸಬೇಕು. ತಂಪು ಆ ಕೆಲಸ ಮಾಡದು. ಕೋಣೆಗೆ ಮರಳಿದ ತಂತಿಯ ರೋಧವೂ ಹಿಂದಿನ ಮಟ್ಟಕ್ಕೇ ಮರಳುತ್ತದೆ.

ಹಾಗಾದರೆ ಹೇಳಿಕೆ ನಂಬುವಂತೆ ತೋರುವುದೇಕೆ? ‘ತಣ್ಣಗಾದ ಚಹಾ’ ಎಂದಾಗ ಅದು ಈಗಲೂ ತಣ್ಣಗಿದೆ ಎಂದೇ ತಿಳಿಯುತ್ತೇವೆ. ಮರಾಠಿಯ ‘ಗಾರ ಝಾಲೇಲಾ ಚಹಾ’ ಕೂಡ ಹಾಗೆಯೇ. ಭೂತ ಕೃದಂತವು ಮುಗಿದ ಕ್ರಿಯೆಯೊಡನೆ ಉಳಿದ ಫಲವನ್ನೂ ಸೂಚಿಸಬಲ್ಲದು. ‘ಸಂಸ್ಕಾರ ಹೊಂದಿದ’ ಎಂಬ ಪದವು ಈ ಸಲಿಗೆಯನ್ನು ಬಳಸಿಕೊಂಡು, ‘ತಂಪಾಗಿರುವ’ ತಂತಿಯ ಗುಣವನ್ನು ‘ತಂಪಾಗಿದ್ದ’ ತಂತಿಗೆ ಸದ್ದಿಲ್ಲದೆ ದಾಟಿಸುತ್ತದೆ. ಉಕ್ಕಿನಲ್ಲಿ ಫಲ ಉಳಿಯುತ್ತದೆ, ತಾಮ್ರದಲ್ಲಿ ಉಳಿಯುವುದಿಲ್ಲ. ವ್ಯಾಕರಣ ಮಾತ್ರ ಎರಡಕ್ಕೂ ಒಂದೇ.

ಇನ್ನು ಮೂರನೆಯದಾದ ನಿಷೇಧ ರೂಪ: ‘ತಂಪಾಗದ’ ತಂತಿ. ಹೋಲಿಕೆಗೆ ಅದು ಪಕ್ಕದಲ್ಲಿ ಇಲ್ಲದಿದ್ದರೆ ಪರೀಕ್ಷೆಯೇ ಇಲ್ಲ. ಎರಡನ್ನೂ ಒಂದೇ ಉಷ್ಣಾಂಶದಲ್ಲಿ ಅಳೆಯಬೇಕು. ತಾಮ್ರದ ರೋಧವು ಒಂದು ಡಿಗ್ರಿಗೆ ಸುಮಾರು 0.39 ಶೇಕಡಾ ಬದಲಾಗುವುದರಿಂದ, ಚಳಿಗಾಲದ ಬೆಳಗಿಗೂ ಬಿಸಿಲ ಮಧ್ಯಾಹ್ನಕ್ಕೂ 15 ಡಿಗ್ರಿ ಅಂತರವಿದ್ದರೆ ಸಾಮಾನ್ಯ ತಂತಿಯಲ್ಲಿಯೇ ಸುಮಾರು 6 ಶೇಕಡಾ ವ್ಯತ್ಯಾಸ ಕಾಣುತ್ತದೆ. 2.5 ಚದರ ಮಿಲಿಮೀಟರ್ ಗಾತ್ರದ ತಾಮ್ರದ ತಂತಿಯ ಹೋಗಿಬರುವ ಉದ್ದ 6 ಮೀಟರ್ ಆದರೆ, ಅದರ ರೋಧ ಸುಮಾರು 0.04 ಓಮ್, ಸ್ಪೀಕರಿನದು 8 ಓಮ್ ಎಂದುಕೊಳ್ಳಿ. ಆ 0.04ರಲ್ಲಿ ಶೇಕಡಾ ಒಂದರಷ್ಟು ತಗ್ಗಿದರೂ ಕಿವಿಗೆ ತಿಳಿಯದು.

‘ಕೇಳಿಸಿತು’ ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಂದಲ್ಲ. ಕಿವಿ ಸೂಕ್ಷ್ಮ ಪ್ರಮಾಣವೇ. ನಮ್ಮ ನೆರೆಯ ಮಿರಜಿನಲ್ಲಿ ತಯಾರಾಗುವ ತಂಬೂರಿಯ ಕುದುರೆಯ ಮೇಲೆ ಜೀವಾಳಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದರೂ ನಾದ ಬದಲಾಗುತ್ತದೆ. ಅಲ್ಲಿ ಕಿವಿ ಕೇಳಿದ್ದಕ್ಕೆ ಕಾರಣವೂ ದೊರಕಿದೆ: ಆ ವಕ್ರ ಕುದುರೆಯಿಂದ ಹುಟ್ಟುವ ಉಪಸ್ವರಗಳನ್ನು ಸಿ. ವಿ. ರಾಮನ್ 1921ರಲ್ಲಿ ವಿವೇಚಿಸಿದರು. ತಂತಿಯ ವಿಷಯದಲ್ಲಿಯೂ ಯಾವುದು ಯಾವುದೆಂದು ತಿಳಿಸದೆ, ಸಮ ಧ್ವನಿಮಟ್ಟದಲ್ಲಿ, ಮತ್ತೆ ಮತ್ತೆ ಕೇಳಿಸಿ ಗುರುತಿಸಲು ಹೇಳಬೇಕು. ಬೆಲೆ ತಿಳಿದ ಕಿವಿ ಬೆಲೆಯನ್ನೂ ಕೇಳಿಸಿಕೊಳ್ಳುತ್ತದೆ.

ಗಡಿನಾಡಿನ ನಿಮ್ಮಲ್ಲಿ ಹಲವರು ಮುಂದೆ ಮರಾಠಿ, ಕನ್ನಡಗಳ ನಡುವೆ ಅನುವಾದ ಮಾಡುವಿರಿ. ಸುದ್ದಿ, ಜಾಹೀರಾತು, ಔಷಧದ ಸೂಚನೆಗಳನ್ನು ಬರೆಯುವಿರಿ. ಅಲ್ಲಿ ‘ಇರುವ’, ‘ಇದ್ದ’ಗಳ ನಡುವಿನ ಒಂದು ಆಯ್ಕೆ ಓದುಗನ ದುಡ್ಡನ್ನು, ಕೆಲವೊಮ್ಮೆ ಆರೋಗ್ಯವನ್ನೂ ನಿರ್ಧರಿಸಬಹುದು.

ಅಭ್ಯಾಸ:
1. ‘ಶುದ್ಧೀಕರಿಸಿದ ನೀರು’, ‘ತೊಳೆದ ಪಾತ್ರೆ’, ‘ಬೆಳಗಿದ ದೀಪ’ – ಇವುಗಳಲ್ಲಿ ಕ್ರಿಯೆಯ ಫಲ ಈಗಲೂ ಉಳಿದಿದೆಯೆಂದು ಪದವೇ ಹೇಳುತ್ತದೆಯೇ, ನಾವು ಊಹಿಸುತ್ತೇವೆಯೇ? ವಿವರಿಸಿರಿ.
2. ಒಂದು ಜಾಹೀರಾತನ್ನು ಆರಿಸಿ, ಅದರ ಭೂತ ಕೃದಂತಗಳನ್ನು ಗುರುತಿಸಿರಿ. ಪ್ರತಿಯೊಂದಕ್ಕೂ ನಿಷೇಧ ರೂಪವನ್ನು ಬರೆದು, ಹೇಳಿಕೆಯನ್ನು ಪರೀಕ್ಷಿಸುವ ಬಗೆಯನ್ನು ಸೂಚಿಸಿರಿ.