ಜಠರಾಗ್ನಿಯೂ ಪಾರಣೆಯೂ: ಅನ್ನವು ದೇಹದಲ್ಲಿ ಪಾಕವಾಗುವ ಕ್ರಮ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವು ನಡೆಯುತ್ತದೆ. ಈ ದಿನಗಳಲ್ಲಿ ಕೆಲವರು ಒಪ್ಪೊತ್ತು ಮಾಡುವರು. ಕೆಲವರು ದಿನ ಬಿಟ್ಟು ದಿನ ಉಪವಾಸವಿರುವರು. ಶಕ್ತಿಯುಳ್ಳ ಕೆಲವರು ಹಲವು ದಿನಗಳ ಉಪವಾಸವನ್ನೇ ಹಿಡಿಯುವರು. ಅನಂತನ ನೋಂಪಿ ಮುಗಿದ ಮರುದಿನ ಪಾರಣೆಗೆ ಎಲೆ ಹಾಕಿದಾಗ ಮನೆಯವರು ಪ್ರೀತಿಯಿಂದ ಹೋಳಿಗೆ, ತುಪ್ಪ, ಪಾಯಸಗಳನ್ನು ಬಡಿಸುವರು. ಮಧ್ಯಾಹ್ನ ಕಳೆಯುವುದರೊಳಗೆ ಹೊಟ್ಟೆನೋವು, ವಾಂತಿ, ತಲೆಸುತ್ತು ತೋರುವುದುಂಟು. “ಉಪವಾಸ ಮಾಡಿದ್ದರಿಂದ ಹೀಗಾಯಿತು” ಎಂದು ನೋಡಿದವರು ಹೇಳುವರು. ಅನೇಕ ವೇಳೆ ದೋಷವಿರುವುದು ಉಪವಾಸದಲ್ಲಲ್ಲ, ಪಾರಣೆಯಲ್ಲಿ. ಇದನ್ನು ತಿಳಿಯಬೇಕಾದರೆ ಅನ್ನವು ದೇಹದೊಳಗೆ ಹೇಗೆ ಪಾಕವಾಗುತ್ತದೆ, ಅನ್ನವಿಲ್ಲದಾಗ ದೇಹವು ಏನು ಮಾಡುತ್ತದೆ ಎಂಬೆರಡನ್ನೂ ತಿಳಿಯುವುದು ಅವಶ್ಯ.

ಜೈನ ಪರಂಪರೆಗೆ ಈ ವಿಷಯವು ಹೊಸದಲ್ಲ. ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವು ವೈದ್ಯವನ್ನು ಕುರಿತದ್ದೆಂದು ಪ್ರಸಿದ್ಧಿ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವು ಔಷಧಕ್ಕೆ ಮಾಂಸವು ಬೇಕಿಲ್ಲವೆಂದು ವಾದಿಸುತ್ತದೆ. ಪೂಜ್ಯಪಾದರದೆಂದು ಪರಂಪರೆಯು ಹೇಳುವ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಜೈನಧರ್ಮಕ್ಕೆ ಆಶ್ರಯವಿತ್ತ ಗಂಗರ ರಾಜಧಾನಿ ತಲಕಾಡು ಇಂದಿನ ತಿ. ನರಸೀಪುರ ತಾಲ್ಲೂಕಿನಲ್ಲಿಯೇ ಇದೆ. ಆ ಸೀಮೆಯ ಎರಡು ಊರುಗಳು, ನಂಜನಗೂಡು ಮತ್ತು ತಿ. ನರಸೀಪುರ, ಈ ಪಾಠಕ್ಕೆ ಒಳ್ಳೆಯ ನಿದರ್ಶನಗಳನ್ನು ಒದಗಿಸುತ್ತವೆ.

ಬಾಯಿ ಮತ್ತು ಅನ್ನನಾಳ

ಪಾಕಕ್ರಿಯೆಯು ಬಾಯಿಯಲ್ಲಿಯೇ ಮೊದಲಾಗುತ್ತದೆ. ಮೂರು ಜೊತೆ ಗ್ರಂಥಿಗಳಿಂದ ದಿನಕ್ಕೆ 1ರಿಂದ 1.5 ಲೀಟರಿನಷ್ಟು ಜೊಲ್ಲು ಸ್ರವಿಸುತ್ತದೆ. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಅನ್ನ, ರಾಗಿಗಳ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುತ್ತದೆ. ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯೆನಿಸುವುದು ಇದರಿಂದಲೇ. ನಂಜನಗೂಡಿನ ಹೆಸರನ್ನು ಮನೆಮನೆಗೆ ಮುಟ್ಟಿಸಿದುದು ಅಲ್ಲಿಯ ಹಲ್ಲುಪುಡಿ. ಅದನ್ನು ತಯಾರಿಸಿದ ಸದ್ವೈದ್ಯಶಾಲೆಯನ್ನು 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದರು. ಹಲ್ಲಿನ ಆರೋಗ್ಯವು ಹೊಟ್ಟೆಯ ಆರೋಗ್ಯಕ್ಕೆ ಮೊದಲ ಮೆಟ್ಟಿಲು. ಹಲ್ಲು ಮಾಡದೆ ಬಿಟ್ಟ ಕೆಲಸವನ್ನು ಜಠರವು ಮಾಡಬೇಕಾಗುವುದು.

ನುಂಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದಲ್ಲಿ ತಾನಾಗಿ ಬೀಳುವುದಿಲ್ಲ. ನಾಳದ ಸ್ನಾಯುಗಳು ಅಲೆಯಲೆಯಾಗಿ ಹಿಂಡಿ ಅದನ್ನು ಕೆಲವೇ ಕ್ಷಣಗಳಲ್ಲಿ ಕೆಳಕ್ಕೆ ಒಯ್ಯುತ್ತವೆ. ಕೊನೆಯಲ್ಲಿರುವ ಸ್ನಾಯುವಿನ ಬಿಗಿಯು ಜಠರದ ಆಮ್ಲವು ಮೇಲೇರದಂತೆ ತಡೆಯುತ್ತದೆ. ಉಂಡೊಡನೆ ಮಲಗಿದರೆ ಈ ತಡೆಯನ್ನು ಮೀರಿ ಆಮ್ಲವು ಮೇಲೆ ಬಂದು ಎದೆಯುರಿಯನ್ನುಂಟುಮಾಡುವುದು.

ಜಠರ

ಜಠರವು ತುಂಬಿದಾಗ ಒಂದು ಲೀಟರಿಗಿಂತ ಹೆಚ್ಚು ಹಿಡಿಯಬಲ್ಲ ಸ್ನಾಯುಚೀಲ. ಅದರ ಗೋಡೆಯಿಂದ ಹೈಡ್ರೋಕ್ಲೋರಿಕ್ ಆಮ್ಲವೂ, ಬೇಳೆಕಾಳು ಮತ್ತು ಹಾಲಿನ ಪ್ರೋಟೀನನ್ನು ಒಡೆಯುವ ಪೆಪ್ಸಿನ್ ಎಂಬ ಕಿಣ್ವವೂ ಹೊರಡುತ್ತವೆ. ಇಷ್ಟು ತೀಕ್ಷ್ಣವಾದ ರಸವು ಜಠರವನ್ನೇ ಸುಡದಿರುವುದಕ್ಕೆ ಒಳಗೋಡೆಯ ಲೋಳೆಯ ಲೇಪವು ಕಾರಣ; ಆ ಗೋಡೆಯ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ. ನೀರು ಜಠರದಿಂದ ಬೇಗ ಇಳಿಯುತ್ತದೆ. ಮೆತ್ತಗಿನ ಅನ್ನಕ್ಕೆ ಎರಡು ಮೂರು ಗಂಟೆ ಹಿಡಿಯಬಹುದು. ತುಪ್ಪ, ಎಣ್ಣೆ ಹೆಚ್ಚಿರುವ ಊಟವು ಎಲ್ಲಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಪಾರಣೆಯ ಎಲೆಯನ್ನು ವಿಚಾರಿಸುವಾಗ ಈ ಮಾತನ್ನು ನೆನಪಿನಲ್ಲಿಡಬೇಕು.

ಜಠರದ ಕೆಲಸವನ್ನು ಮನುಷ್ಯನು ಕಣ್ಣಾರೆ ಕಂಡುದು ಒಂದು ಅಪಘಾತದಿಂದ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಗುಲಿತು. ಆತನು ಬದುಕಿದನು, ಆದರೆ ಹೊಟ್ಟೆಯ ರಂಧ್ರವು ಮುಚ್ಚಲಿಲ್ಲ. ಚಿಕಿತ್ಸೆ ಮಾಡಿದ ವೈದ್ಯ ವಿಲಿಯಂ ಬೋಮಾಂಟ್ ಆ ರಂಧ್ರದಿಂದ ದಾರಕ್ಕೆ ಕಟ್ಟಿದ ಆಹಾರವನ್ನು ಇಳಿಬಿಟ್ಟು, ಹೊರತೆಗೆದು, ಕಂಡುದನ್ನು ಬರೆದಿಟ್ಟು 1833ರಲ್ಲಿ ಪ್ರಕಟಿಸಿದನು. ಪಾಕವು ಬರಿಯ ಅರೆಯುವಿಕೆಯಲ್ಲ, ರಸಗಳ ಕ್ರಿಯೆ ಎಂಬುದು ಇದರಿಂದ ಖಚಿತವಾಯಿತು. ಕೋಪಗೊಂಡಾಗ ಪಾಕವು ಕೆಡುವುದೆಂದೂ ಆತನು ಗುರುತಿಸಿದನು. ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಗೆ ಮೀಸಲಾಗಿರುವುದನ್ನು ಬಲ್ಲವರಿಗೆ ಈ ಮಾತು ವಿಶೇಷವಾಗಿ ತೋರದಿರದು.

ಸಂಗಮಸ್ಥಾನ: ಸಣ್ಣ ಕರುಳು

ನಂಜನಗೂಡನ್ನು ದಾಟಿದ ಕಪಿಲೆಯು ತಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ದೇಹದೊಳಗೂ ಇಂತಹ ಕೂಡಲೊಂದಿದೆ. ಯಕೃತ್ತಿನಿಂದ ಬರುವ ಪಿತ್ತನಾಳವೂ ಮೇದೋಜೀರಕ ಗ್ರಂಥಿಯಿಂದ ಬರುವ ನಾಳವೂ ಸಾಮಾನ್ಯವಾಗಿ ಒಂದಾಗಿ ಸಣ್ಣ ಕರುಳಿನ ಮೊದಲ ಭಾಗವನ್ನು ಸೇರುತ್ತವೆ. ಪಿತ್ತರಸವು ತುಪ್ಪ, ಎಣ್ಣೆಗಳನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜೀರಕ ರಸವು ಜಠರದ ಆಮ್ಲವನ್ನು ಶಮನಗೊಳಿಸಿ, ಪಿಷ್ಟ, ಪ್ರೋಟೀನು, ಕೊಬ್ಬು ಮೂರನ್ನೂ ಪಚನಮಾಡುತ್ತದೆ. ಊಟವಿಲ್ಲದ ಹೊತ್ತಿನಲ್ಲಿ ಪಿತ್ತವು ಪಿತ್ತಕೋಶದಲ್ಲಿ ಸಂಗ್ರಹವಾಗಿ ಗಟ್ಟಿಗೊಳ್ಳುತ್ತ, ಕೊಬ್ಬಿನ ಆಹಾರವು ಬಂದಾಗ ಹೊರಬೀಳುತ್ತದೆ.

ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನ ಒಳಮೈ ನುಣುಪಾಗಿಲ್ಲ. ಮಡಿಕೆಗಳೂ, ಅವುಗಳ ಮೇಲೆ ಎಳೆಪೈರಿನಂತೆ ಒತ್ತಾಗಿ ನಿಂತ ಅಂಕುರಗಳೂ ಇವೆ. ಒಂದೊಂದು ಅಂಕುರದೊಳಗೂ ರಕ್ತದ ಸೂಕ್ಷ್ಮನಾಳಗಳಿದ್ದು, ಗದ್ದೆಯ ಬೇರು ನಾಲೆಯ ನೀರನ್ನು ಹೀರುವಂತೆ ಪಾಕವಾದ ಸಾರವನ್ನು ಹೀರುತ್ತವೆ. ಕುಡಿದ ನೀರು ಮತ್ತು ದೇಹವೇ ಸುರಿಸುವ ರಸಗಳು ಸೇರಿ ದಿನಕ್ಕೆ 8ರಿಂದ 9 ಲೀಟರ್ ದ್ರವವು ಕರುಳನ್ನು ಸೇರುತ್ತದೆ. ಅದರಲ್ಲಿ ಮಲದೊಡನೆ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದುದನ್ನೆಲ್ಲ ದೇಹವು ಮರಳಿ ಪಡೆಯುತ್ತದೆ.

ನಂಜನ್ನು ನೀಗುವ ಅಂಗ: ಯಕೃತ್ತು

ನಂಜನ್ನು ಉಂಡ ದೇವರ ಊರೆಂದು ಜನರು ನಂಜನಗೂಡಿನ ಹೆಸರನ್ನು ವಿವರಿಸುವರು. ದೇಹದಲ್ಲಿ ನಂಜನ್ನು ನೀಗುವ ಕೆಲಸವು ಬಹುಪಾಲು ಯಕೃತ್ತಿನದು. ಸುಮಾರು ಒಂದೂವರೆ ಕಿಲೋ ತೂಕದ ಈ ಅಂಗಕ್ಕೆ ಕರುಳಿನ ರಕ್ತವೆಲ್ಲ ಮೊದಲು ಬರುತ್ತದೆ. ಪ್ರೋಟೀನು ಒಡೆದಾಗ ಹುಟ್ಟುವ ಅಮೋನಿಯಾವನ್ನು ಅದು ಯೂರಿಯಾ ಆಗಿ ಮಾರ್ಪಡಿಸಿ ಮೂತ್ರದಲ್ಲಿ ಹೋಗುವಂತೆ ಮಾಡುತ್ತದೆ. ಹೆಚ್ಚಾದ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು 100 ಗ್ರಾಮಿನಷ್ಟು ಕೂಡಿಡುತ್ತದೆ. ಉಪವಾಸದ ದಿನ ದೇಹವು ಮೊದಲು ತೆರೆಯುವ ಕಣಜವು ಇದೇ.

ದೊಡ್ಡ ಕರುಳು

ಉಳಿದ ಭಾಗವು ಸುಮಾರು ಒಂದೂವರೆ ಮೀಟರಿನ ದೊಡ್ಡ ಕರುಳಿನಲ್ಲಿ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಇರುತ್ತದೆ. ಅಲ್ಲಿ ನೆಲೆಸಿರುವ ಅಸಂಖ್ಯ ಸೂಕ್ಷ್ಮಜೀವಿಗಳು ರಾಗಿ, ಕಾಳು, ತರಕಾರಿಗಳ ನಾರನ್ನು ಒಡೆದು ಕರುಳಿನ ಗೋಡೆಗೆ ಪೋಷಣೆಯನ್ನು ಕೊಡುತ್ತವೆ. ನಂಜನಗೂಡಿನ ರಸಬಾಳೆಯಾಗಲಿ ಬೇರೆ ಬಾಳೆಯಾಗಲಿ, ಕಾಯಿಯಾಗಿರುವಾಗ ಅದರ ಪಿಷ್ಟದ ಬಹುಭಾಗವು ಪಚನವಾಗದೆ ಇಲ್ಲಿಯವರೆಗೆ ಬರುತ್ತದೆ. ಹಣ್ಣಾದಾಗ ಆ ಪಿಷ್ಟವು ಸಕ್ಕರೆಯಾಗಿ ಸಣ್ಣ ಕರುಳಿನಲ್ಲಿಯೇ ರಕ್ತಗತವಾಗುವುದು. ಉಪವಾಸದ ನಂತರ ಚೆನ್ನಾಗಿ ಪಕ್ವವಾದ ಹಣ್ಣೇ ಹಿತವೆನ್ನುವುದು ಇದರಿಂದ.

ಅನ್ನವಿಲ್ಲದಾಗ

ಊಟದ ಸಾರವನ್ನು ಹೀರುವ ಕಾರ್ಯವು ನಾಲ್ಕೈದು ಗಂಟೆಗಳಲ್ಲಿ ಬಹುಮಟ್ಟಿಗೆ ಮುಗಿಯುತ್ತದೆ. ಆಮೇಲೆ ಇನ್ಸುಲಿನ್ ಇಳಿದು, ಯಕೃತ್ತು ಕಣಜದ ಸಕ್ಕರೆಯನ್ನು ರಕ್ತಕ್ಕೆ ಬಿಡತೊಡಗುತ್ತದೆ. ಒಂದು ಹಗಲು ಒಂದು ರಾತ್ರಿ ಕಳೆಯುವ ಹೊತ್ತಿಗೆ ಆ ಕಣಜವು ಬಹುಪಾಲು ಬರಿದಾಗುವುದು. ಆಗ ದೇಹವು ಕೊಬ್ಬನ್ನು ಕರಗಿಸಿ, ಯಕೃತ್ತಿನಲ್ಲಿ ಕೀಟೋನ್ ಎಂಬ ಇಂಧನವನ್ನು ತಯಾರಿಸುತ್ತದೆ. ಎರಡು ಮೂರು ದಿನಗಳಲ್ಲಿ ಮಿದುಳು ಸಹ ಅದನ್ನು ಹೆಚ್ಚಾಗಿ ಬಳಸುತ್ತದೆ. ಸ್ನಾಯುಗಳ ಪ್ರೋಟೀನು ಕೂಡ ಸ್ವಲ್ಪ ಕರಗುವುದು.

ಬರಿದಾದ ಜಠರ ಮತ್ತು ಸಣ್ಣ ಕರುಳಿನಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ಬಲವಾದ ಅಲೆಯೊಂದು ಹೊರಟು, ಉಳಿದ ಕಸವನ್ನು ಗುಡಿಸಿಕೊಂಡು ಹೋಗುತ್ತದೆ. ಹೊಟ್ಟೆಯು ಗುಡುಗುಟ್ಟುವುದು ಬಹುವೇಳೆ ಈ ಗುಡಿಸುವಿಕೆಯ ಸದ್ದು. ತುತ್ತು ಬಿದ್ದೊಡನೆ ಈ ಅಲೆಯು ನಿಲ್ಲುತ್ತದೆ. ಹಸಿವೂ ಒಂದೇ ಸಮನೆ ಏರುವುದಿಲ್ಲ. ರೂಢಿಯ ಊಟದ ಹೊತ್ತಿಗೆ ಏರಿ, ಮತ್ತೆ ತಾನಾಗಿ ಇಳಿಯುತ್ತದೆ. ವ್ರತಿಯು ಇದನ್ನು ಬಲ್ಲನಾದರೆ ಆ ಹೊತ್ತನ್ನು ಸ್ವಾಧ್ಯಾಯದಲ್ಲಿ ಕಳೆಯುವುದು ಸುಲಭವಾಗುವುದು.

ನೀರಿನ ಮಾತು ಬೇರೆ. ಅದಕ್ಕೆ ಹೆಚ್ಚಿನ ಕಣಜವಿಲ್ಲ. ನೀರನ್ನೂ ಬಿಟ್ಟಾಗ ಉಸಿರು, ಚರ್ಮ, ಮೂತ್ರಗಳ ಮೂಲಕ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಹೋಗುತ್ತಲೇ ಇರುವುದು. ಆದುದರಿಂದ ನಿರ್ಜಲ ಉಪವಾಸದ ದಿನ ಬಿಸಿಲಿನ ತಿರುಗಾಟವನ್ನೂ ಹೊಲದ ದುಡಿಮೆಯನ್ನೂ ಬಿಡಬೇಕು. ಆರಂಭತ್ಯಾಗವನ್ನು ಉಪವಾಸದೊಡನೆ ಹೇಳಿರುವುದು ದೇಹಕ್ಕೂ ಹಿತ.

ರಾತ್ರಿಭೋಜನ ತ್ಯಾಗವನ್ನು ಕುರಿತು ಒಂದು ಮಾತು. ಸಂಜೆಯ ನಂತರ ಜಠರವು ನಿಧಾನವಾಗಿ ಬರಿದಾಗುವುದೆಂದೂ, ಅದೇ ಊಟಕ್ಕೆ ರಕ್ತದ ಸಕ್ಕರೆಯು ರಾತ್ರಿ ಹೆಚ್ಚು ಏರುವುದೆಂದೂ ಇಂದಿನ ವಿಜ್ಞಾನವು ಕಂಡಿದೆ. ಆದರೆ ಈ ವ್ರತದ ಆಧಾರವು ಅಹಿಂಸೆ. ಆರೋಗ್ಯವು ಅದರ ಜೊತೆಗೆ ಬಂದ ಲಾಭ. ಲಾಭವನ್ನೇ ಆಧಾರವೆಂದು ಸಾರಿದರೆ ವ್ರತಕ್ಕೂ ವಿಜ್ಞಾನಕ್ಕೂ ನ್ಯಾಯವಾಗದು.

ಯಾರು ಎಚ್ಚರದಿಂದಿರಬೇಕು

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೂತ್ರಪಿಂಡ ಇಲ್ಲವೆ ಹೃದಯದ ರೋಗವುಳ್ಳವರು, ಜಠರದ ಹುಣ್ಣಿನವರು, ಕೃಶರಾದ ವೃದ್ಧರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ಔಷಧವನ್ನು ತಾವಾಗಿ ನಿಲ್ಲಿಸುವುದೂ, ಊಟವಿಲ್ಲದೆ ಎಂದಿನ ಪ್ರಮಾಣದಲ್ಲಿ ತೆಗೆದುಕೊಳ್ಳುವುದೂ ಎರಡೂ ಅಪಾಯ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಬಗೆಯ ಗುಳಿಗೆಯವರು ವಿಶೇಷವಾಗಿ ಮೊದಲೇ ಕೇಳಬೇಕು. ಮಧುಮೇಹದ ವ್ರತಿಗೆ ತಣ್ಣನೆಯ ಬೆವರು, ನಡುಕ, ಮಾತಿನಲ್ಲಿ ತಡವರಿಕೆ ಕಂಡರೆ ಎಚ್ಚರವಿರುವಾಗಲೇ ಸಕ್ಕರೆಯ ನೀರನ್ನು ಕುಡಿಸಬೇಕು; ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಆ ಸಮಯದಲ್ಲಿ ವ್ರತಭಂಗದ ಚರ್ಚೆಗೆ ಎಡೆಯಿಲ್ಲ.

ಇಂಥವರಿಗೆ ಧರ್ಮದ ಬಾಗಿಲು ಮುಚ್ಚಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ‘ಶಕ್ತಿತಃ’, ಎಂದರೆ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಬಾಹ್ಯತಪಗಳಲ್ಲಿ ಅನಶನದ ಪಕ್ಕದಲ್ಲಿಯೇ ಅವಮೌದರ್ಯವೂ ರಸಪರಿತ್ಯಾಗವೂ ಇವೆ. ಮೂವತ್ತೆರಡು ತುತ್ತಿನ ಪೂರ್ಣಾಹಾರದಲ್ಲಿ ಒಂದು ತುತ್ತು ಕಡಿಮೆಯಾದರೂ ಅದು ಅವಮೌದರ್ಯವೇ. ಔಷಧಕ್ಕೆ ಬೇಕಾದ ಊಟವನ್ನು ಮಾಡಿ, ತುಪ್ಪವನ್ನೋ ಸಿಹಿಯನ್ನೋ ತ್ಯಜಿಸಿದವನು ವ್ರತಿಯಲ್ಲವೆಂದು ಯಾರೂ ಹೇಳಲಾರರು.

ಪಾರಣೆಯ ಕ್ರಮ

ಅನ್ನ, ಪಾನ, ಖಾದ್ಯ, ಲೇಹ್ಯಗಳೆಂಬ ನಾಲ್ಕು ಬಗೆಯ ಆಹಾರದ ತ್ಯಾಗವು ಉಪವಾಸ. ದಿನಕ್ಕೊಮ್ಮೆ ಉಣ್ಣುವುದು ಪ್ರೋಷಧ. ಹಿಂದಿನ ದಿನ ಒಪ್ಪೊತ್ತು, ನಡುವೆ ಉಪವಾಸ, ಮರುದಿನ ಮತ್ತೆ ಒಪ್ಪೊತ್ತು: ಇದು ಪ್ರೋಷಧೋಪವಾಸವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಿಂದ ತಿಳಿಯುತ್ತದೆ. ಈ ವಿಧಿಯಲ್ಲಿ ಇಳಿಯುವುದಕ್ಕೊಂದು ಮೆಟ್ಟಿಲು, ಏರುವುದಕ್ಕೊಂದು ಮೆಟ್ಟಿಲು ಇರುವುದನ್ನು ಗಮನಿಸಬೇಕು. ದೇಹವು ಬಯಸುವುದೂ ಅದನ್ನೇ. ಹೋಳಿಗೆಯ ಪಾರಣೆಯು ಆ ಏರುವ ಮೆಟ್ಟಿಲನ್ನು ಕಿತ್ತುಹಾಕುತ್ತದೆ.

ಒಂದು ದಿನದ ಉಪವಾಸದ ನಂತರ ಮೊದಲು ಪ್ರಾಸುಕ ನೀರನ್ನು ಗುಟುಕುಗುಟುಕಾಗಿ ಕುಡಿದು, ತೆಳುವಾದ ಅಕ್ಕಿಯ ಗಂಜಿ ಅಥವಾ ಹೆಸರುಬೇಳೆಯ ಕಟ್ಟನ್ನು ತೆಗೆದುಕೊಂಡು, ಆಮೇಲೆ ಮೆತ್ತಗಿನ ಅನ್ನ, ಬೇಯಿಸಿದ ಸೋರೆಕಾಯಿ ಅಥವಾ ಹೀರೆಕಾಯಿಯನ್ನು ನಿಧಾನವಾಗಿ ಉಣ್ಣಬೇಕು. ಹೊಟ್ಟೆ ತುಂಬಿತೆಂಬ ಸೂಚನೆಯು ಮಿದುಳಿಗೆ ಮುಟ್ಟಲು ಸ್ವಲ್ಪ ಕಾಲ ಬೇಕು. ಅವಸರದ ಊಟವು ಅದನ್ನು ಕಾಯುವುದಿಲ್ಲ. ತುಪ್ಪ, ಕರಿದುದು, ಹೋಳಿಗೆಗಳು ಮರುದಿನಕ್ಕೆ ಉಳಿಯಲಿ.

ಐದು ದಿನ ಅಥವಾ ಅದಕ್ಕೂ ಹೆಚ್ಚಿನ ಉಪವಾಸದ ಪಾರಣೆಯು ಇನ್ನೂ ಸೂಕ್ಷ್ಮವಾದುದು. ಒಮ್ಮೆಗೇ ಸಿಹಿಯನ್ನೂ ಅನ್ನವನ್ನೂ ಕೊಟ್ಟರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಜೀವಕೋಶಗಳೊಳಗೆ ಹೋಗಿ, ಹೃದಯದ ಬಡಿತವೇ ತಪ್ಪಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಬಹುಕಾಲ ಹಸಿದಿದ್ದ ಕೈದಿಗಳಲ್ಲಿ ಕೆಲವರು ಬಿಡುಗಡೆಯ ನಂತರ ಊಟದಿಂದಲೇ ಅಪಾಯಕ್ಕೊಳಗಾದುದನ್ನು ವೈದ್ಯರು ಕಂಡರು. ಇಂತಹ ಉಪವಾಸವನ್ನು ಹಿಡಿಯುವ ಮೊದಲೇ ವೈದ್ಯರಿಗೆ ತಿಳಿಸಿರಬೇಕು. ಪಾರಣೆಯು ಅವರ ಸಲಹೆಯಂತೆ ಹಲವು ದಿನಗಳಲ್ಲಿ, ಅಲ್ಪಾಲ್ಪವಾಗಿ ನಡೆಯಬೇಕು.

ವ್ರತ ಹಿಡಿದವರ ಧೃತಿಯನ್ನು ಮನೆಯವರು ಕೊಂಡಾಡುವುದು ಯೋಗ್ಯವೇ. ಆ ಗೌರವವು ಎಲೆಯ ತುಂಬ ಬಡಿಸುವುದರಲ್ಲಿಲ್ಲ. ಗಂಜಿಯನ್ನು ಹದವಾಗಿ ಕಾಯಿಸಿ, ವ್ರತಿಯ ಪಕ್ಕದಲ್ಲಿ ಕುಳಿತು, ಸಾಕೆಂದಾಗ ಬಲವಂತ ಮಾಡದಿರುವುದರಲ್ಲಿದೆ.

ಮನೆಯಲ್ಲಿ ಮನನಕ್ಕೆ

1. ತುಪ್ಪದ ಊಟವು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಪಾರಣೆಗೆ ಯಾವ ಪಾಠ ದೊರೆಯುತ್ತದೆ?
2. ಉಪವಾಸದ ಮೊದಲ ದಿನ ದೇಹವು ಯಾವ ಕಣಜದಿಂದ ಸಕ್ಕರೆಯನ್ನು ಪಡೆಯುತ್ತದೆ?
3. ಮನೆಯಲ್ಲಿ ಮಧುಮೇಹವುಳ್ಳವರು ಯಾರು? ಪರ್ವಕ್ಕೆ ಮೊದಲು ಅವರು ವೈದ್ಯರನ್ನು ಕಂಡಿರುವರೇ?
4. ಪ್ರೋಷಧೋಪವಾಸದ ಮೂರು ದಿನಗಳ ಕ್ರಮವನ್ನು ಮಕ್ಕಳಿಗೆ ವಿವರಿಸಿ.